ಹಡಗಿನಿಂದ ಇಳಿದ ನೈನಾ

ಸವಣೂರು, ಸರ್ವಜಿತು ಸಂವತ್ಸರದ ಕಾರ್ತಿಕ ಮಾಸ. ನೀವು ಬಳಸುವ ಲೆಕ್ಕದಲ್ಲಿ ಎರಡು ಸಾವಿರದ ನೂರ ಎಂಬತ್ತೇಳನೆಯ ಇಸವಿ.

ಬೇರೆ ದೇಶದವರನ್ನು ಮದುವೆಯಾಗಿ, ಕಾಗದಗಳ ಕಟ್ಟು ಮಡಿಲಲ್ಲಿಟ್ಟುಕೊಂಡು, ಯಾವುದೋ ಕಚೇರಿಯ ಹೊರಗೆ ತಮ್ಮ ಹೆಸರು ಕೂಗುವುದನ್ನು ಕಾಯುತ್ತ ಕುಳಿತವರಿಗೆ ಇಂದುಮತಿ ಬಡಿಗೇರ ಮಾಡುವ ನಮಸ್ಕಾರಗಳು.

ನಿಮ್ಮನ್ನು ಅಜ್ಜಿ ಎನ್ನಬೇಕೋ ತಂಗಿ ಎನ್ನಬೇಕೋ ನನಗೆ ತಿಳಿಯದು. ನೀವು ನನಗಿಂತ ಎಷ್ಟೋ ತಲೆಮಾರು ಮೊದಲು ಹುಟ್ಟಿದವರು. ಆದರೂ ಇದನ್ನು ಓದುವ ಹೊತ್ತಿಗೆ ನಿಮ್ಮ ವಯಸ್ಸು ನನ್ನದಕ್ಕಿಂತ ಚಿಕ್ಕದೇ ಇರಬಹುದು. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಶಾಲೆಯಲ್ಲಿ ಹಳೆಯ ಪಾಠವಾಗಿ ಕಲಿತವಳು. ಗಂಜಿ ಹಾಕಿದ ಹೊಸ ಸೀರೆಯ ಹಾಗೆ ನನ್ನ ವಾಕ್ಯಗಳು ಅಲ್ಲಲ್ಲಿ ಬಿಗಿಯಾಗಿ ನಿಂತರೆ ಮನ್ನಿಸಿ. ನಿಮಗೆ ಗೊತ್ತಿಲ್ಲದ ಪದ ಬಂದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ. ಹಿಂದಿನವರಿಗೆ ಬರೆಯುವ ರೂಢಿ ನಮ್ಮಲ್ಲಿದೆ. ತಲುಪಿತೆಂದು ಇದುವರೆಗೆ ಯಾರೂ ಮಾರುತ್ತರ ಬರೆದಿಲ್ಲ. ಬರೆಯುವವರು ಬರೆಯುತ್ತಲೇ ಇದ್ದಾರೆ.

ನಾನು ತೊಟ್ಟಿಲಿಗೆ ಅರಗಿನ ಬಣ್ಣ ಹಾಕುವವಳು. ನಮ್ಮದು ಬಡಿಗರ ಮನೆತನ. ತಂದೆತಾಯಿ ಬೇಗ ಹೋದರು. ನನ್ನನ್ನು ಬೆಳೆಸಿದವನು ಅಣ್ಣ ಮಹಾರುದ್ರ. ಊರಿನಲ್ಲಿ ಅವನ ಕಾರ್ಖಾನೆ ದೊಡ್ಡದು. ಬಾಗಿಲು, ಚೌಕಟ್ಟು, ತೊಟ್ಟಿಲು ಎಲ್ಲ ಅಲ್ಲಿ ಆಗುತ್ತಿದ್ದವು. ನಮ್ಮ ಕಾಲದಲ್ಲಿ ಇಲ್ಲಿನ ಕಾಡಿನಿಂದ ಒಂದು ಕೊಂಬೆ ಕಡಿಯುವುದಕ್ಕೂ ಅಪ್ಪಣೆ ಸಿಗುವುದಿಲ್ಲ. ತೊಲೆಗಳೆಲ್ಲ ಸಮುದ್ರದಾಚೆಯಿಂದ ಗಾಳಿಹಡಗಿನಲ್ಲಿ ಬರುತ್ತವೆ. ಗಾಳಿಹಡಗು ಎಂದರೆ ಬರೀ ಹಾಯಿಯ ಬಲದಿಂದ ನಡೆಯುವ ಹಡಗು. ಎಣ್ಣೆ ಸುಡುವ ಹಡಗನ್ನು ನಾನು ಚಿತ್ರದಲ್ಲಷ್ಟೇ ನೋಡಿದ್ದೇನೆ. ಭಾದ್ರಪದದ ಹೊತ್ತಿಗೆ ಅವು ಕಾರವಾರಕ್ಕೆ ಬರುತ್ತವೆ, ಮಾರ್ಗಶಿರದಲ್ಲಿ ಗಾಳಿ ತಿರುಗಿದ ಮೇಲೆ ಹಿಂದಿರುಗುತ್ತವೆ. ಹೊರದೇಶದವರು ಬರುವುದೂ ಹೋಗುವುದೂ ಅದೇ ಹಡಗುಗಳಲ್ಲಿ.

ಹಾಗೆ ಒಂದು ಭಾದ್ರಪದದಲ್ಲಿ ಮರ ತರಲು ಕಾರವಾರಕ್ಕೆ ಹೋದ ಅಣ್ಣ, ಮರದ ಜೊತೆಗೆ ಒಬ್ಬ ಮನುಷ್ಯನನ್ನೂ ಕರೆದುಕೊಂಡು ಬಂದ. ಮಡಗಾಸ್ಕರದ ಗುಡ್ಡಗಾಡಿನವನು. ಒಂದು ಮೊಳೆಯನ್ನೂ ಹೊಡೆಯದೆ ಮರಕ್ಕೆ ಮರ ಕೂಡಿಸಿ ಕೆತ್ತುವ ಕುಲದವನು. ಹೆಸರು ನೈನಾ. ಅವರ ದೇಶದಲ್ಲಿ ಅದು ಗಂಡಸಿನ ಹೆಸರು, ಜೀವ ಎಂಬ ಅರ್ಥದ ಮಾತಿನಿಂದ ಬಂದದ್ದು. ಸಮುದ್ರಪ್ರಯಾಣದಲ್ಲಿ ಸೊರಗಿ ಕಡ್ಡಿಯಾಗಿದ್ದ ಆತ ಹಳಿಗಾಡಿಯಿಂದ ಇಳಿದವನು ಊರೊಳಗೆ ಒಂದು ಮಾತೂ ಆಡದೆ ನಡೆದು ಬಂದನಂತೆ. ಹಳಿಗಾಡಿ ಎಂದರೆ ನಿಮ್ಮ ರೈಲು. ನಮ್ಮದು ಬಿಸಿಲಿದ್ದಾಗ ಮಾತ್ರ ಓಡುತ್ತದೆ. ನಾನು ಕೆಲಸಗಾರರಿಗೆ ಬುತ್ತಿ ಒಯ್ಯುತ್ತ ಎದುರಾದೆ. ದೊಡ್ಡ ಹುಣಸೆ ಮಠದ ಹತ್ತಿರ ಬಂದಾಗ ಆತ ತಟ್ಟನೆ ನಿಂತ. ಅಲ್ಲಿನ ಆ ಭಾರೀ ಮರಗಳು ನಿಮ್ಮ ಕಾಲದಲ್ಲೂ ಇದ್ದವು, ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಆತ ಬುಡಕ್ಕೆ ಎರಡೂ ಅಂಗೈ ಒತ್ತಿ, "ರೆನಿಆಲಾ" ಅಂದ. ಆ ಮರ ಅವರ ದೇಶದ್ದೂ ಹೌದು, ಅವರ ಮಾತಿನಲ್ಲಿ ಅದರ ಹೆಸರಿಗೆ ಕಾಡಿನ ತಾಯಿ ಎಂದು ಅರ್ಥ ಎಂಬುದು ನನಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಅವತ್ತು ಕೆಲಸಗಾರರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಆತ ಕೆತ್ತಿದ ತೊಟ್ಟಿಲಿಗೆ ನಾನು ಬಣ್ಣ ಹಾಕಿದೆ. ಹಾಗೆ ಮೂರು ಮಳೆಗಾಲ ಕಳೆದವು. ಕಾರ್ಖಾನೆಯವರ ಬಾಯಿಯಿಂದಲೇ ಕನ್ನಡ ಕಲಿತ ಆತ ನಮ್ಮವರ ಹಾಗೇ ಮಾತಾಡತೊಡಗಿದ, ಬೈಗುಳ ಸಮೇತ. ನಾವು ಮದುವೆಯಾಗುತ್ತೇವೆಂದು ಹೇಳಿದಾಗ ಅಣ್ಣ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟ. "ಕೆಲಸಕ್ಕಂತ ಕರಕೊಂಡು ಬಂದೇನಿ, ಅಳ್ಯಾ ಮಾಡ್ಕೊಳ್ಳಾಕಲ್ಲ," ಅಂದ. ಬಂಕಾಪುರದ ಒಂದು ಮನೆತನಕ್ಕೆ ಅವನು ನನ್ನ ವಿಷಯವಾಗಿ ಮಾತು ಕೊಟ್ಟಿದ್ದ. ನಾವು ಊರ ಕಚೇರಿಯಲ್ಲಿ ಸಹಿ ಮಾಡಿ ಮದುವೆಯಾದೆವು, ಅವನು ಬರಲಿಲ್ಲ. "ನನ್ನ ಪಾಲಿಗೆ ನೀ ಇಲ್ಲ," ಎಂದು ಓಣಿಯ ನಡುವೆ ನಿಂತು ಹೇಳಿದ. ಒಂದೇ ಓಣಿಯಲ್ಲಿ ಇದ್ದರೂ ಆಮೇಲೆ ನನ್ನನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ನೈನಾ ನಮ್ಮ ಮನೆಯ ಮುಂದೆ ಚಪ್ಪರ ಹಾಕಿ ಬೇರೆಯಾಗಿ ಕೆಲಸ ಶುರು ಮಾಡಿದ.

ಇನ್ನು ನಮ್ಮ ಕಾಲದ ಕಟ್ಟಳೆಯನ್ನು ಹೇಳಬೇಕು. ಹೊರಗಿನಿಂದ ಬಂದವರ ಮುಂಗೈಗೆ ತೆಳ್ಳನೆಯ ಒಂದು ಪಟ್ಟಿ ಕಟ್ಟುತ್ತಾರೆ. ಎಲ್ಲ ಸರಿಯಿದ್ದರೆ ಅದು ಹಸಿರು. ಏನಾದರೂ ಸಂಶಯ ಬಂದರೆ ಅರಿಸಿನ ಬಣ್ಣಕ್ಕೆ ತಿರುಗುತ್ತದೆ. ಕೆಂಪಾದರೆ ಮುಂದಿನ ಹಡಗಿಗೆ ಹತ್ತಬೇಕು, ಹತ್ತಿದವರು ಏಳು ವರ್ಷ ಮರಳಿ ಬರುವಂತಿಲ್ಲ. ವರ್ಷಕ್ಕೆ ಇಷ್ಟು ಗಂಡಸರು, ಇಷ್ಟು ಹೆಂಗಸರು ಎಂದು ಒಳಬರುವವರ ಲೆಕ್ಕವೂ ಇದೆ. ಇದನ್ನೆಲ್ಲ ನಡೆಸುವ ಕಚೇರಿಗೆ ಗಡಿಮನೆ ಎನ್ನುತ್ತೇವೆ. ಅದು ಕಾರವಾರದ ಹೊಳೆಯಾಚೆ ಸದಾಶಿವಗಡದ ಗುಡ್ಡದ ಮೇಲಿದೆ. ನಿಮ್ಮ ಕಾಲದಲ್ಲಿ ಮನುಷ್ಯನ ಮುಖ, ಕಣ್ಣು, ಬೆರಳನ್ನೇ ಗುರುತಾಗಿ ಕೂಡಿಟ್ಟುಕೊಳ್ಳುತ್ತಿದ್ದಿರಂತೆ. ಅದರಿಂದ ಮುಂದೆ ಆದ ಅನಾಹುತಗಳನ್ನು ಇಲ್ಲಿ ಬರೆಯಲಾರೆ. ನಮ್ಮ ಅಜ್ಜಂದಿರು ಅದನ್ನು ಪೂರ್ತಿ ನಿಷೇಧಿಸಿದರು. ಈಗ ಹೆಸರು, ಊರು, ಗಂಡೋ ಹೆಣ್ಣೋ ಎಂಬುದು, ಪಟ್ಟಿಯ ನಂಬರು, ಇಷ್ಟನ್ನೇ ಬರೆದಿಡುತ್ತಾರೆ. ಸಂಶಯ ಬಂದರೆ ನೋಡಿದವರ ಬಾಯಿಮಾತೇ ಪ್ರಮಾಣ. ಇದು ಒಳ್ಳೆಯ ಕಾನೂನೆಂದು ನಾನು ಇವತ್ತಿಗೂ ನಂಬುತ್ತೇನೆ. ಆದರೆ ಅದರ ಕೈಗೆ ಸಿಕ್ಕು ನರಳಿದ್ದೂ ನಾವೇ.

ನೈನಾ ಬಂದದ್ದು ಕೈಗೆಲಸದ ಪರವಾನಿಗೆಯ ಮೇಲೆ. ಅದು ಮುಗಿಯುವ ಮೊದಲು, ನನ್ನ ಗಂಡನೆಂಬ ನೆಲೆಯಲ್ಲಿ ಅವನಿಗೆ ಕಾಯಂ ವಾಸದ ಹಕ್ಕು ಕೇಳಿಕೊಂಡು ದಸರೆ ಮುಗಿದ ಮೇಲೆ ನಾವಿಬ್ಬರೂ ಗಡಿಮನೆಗೆ ಹೋದೆವು. ಹೊಸ ಬಟ್ಟೆ ಹಾಕಿಕೊಂಡಿದ್ದೆವು. ದಾರಿಯುದ್ದಕ್ಕೂ, ಹಿಂದಿರುಗುವಾಗ ಮೀನು ತಿಂದು ಬರೋಣವೆಂದು ಆತ ಹೇಳುತ್ತಿದ್ದ. ಒಳಗೆ ಗಾಂವಕರ ಎಂಬ ಹಿರಿಯ ಅಧಿಕಾರಿಣಿ ಇದ್ದರು. ಮೆತ್ತಗೆ ಮಾತಾಡುವ ಹೆಂಗಸು. ಎದುರಿಗಿದ್ದ ಹಲಗೆಯ ಮೇಲೆ ಮೂಡಿದ ಅಕ್ಷರಗಳನ್ನು ಓದಿ, ತಲೆ ಎತ್ತಿದರು.

"ನೈನಾ ಅಂದರೆ ಯಾರು?"

"ನಾನ್ರಿ," ಅಂದ ನನ್ನ ಗಂಡ.

"ಈ ನಂಬರಿನ ಪಟ್ಟಿ ಕಟ್ಟಿಸಿಕೊಂಡು ಹಡಗಿನಿಂದ ಇಳಿದವರು ಹೆಂಗಸು ಅಂತ ಇದೆಯಲ್ಲ?"

ನಾನು ನಕ್ಕುಬಿಟ್ಟೆ. "ಹೆಸರು ಕೇಳಿ ತಪ್ಪು ಬರದಾರ್ರಿ ಮೇಡಂ. ನಮ್ಮ ಕಡೆ ಅದು ಹುಡಿಗ್ಯಾರ ಹೆಸರಿನಂಗ ಕೇಳ್ತತಿ ನೋಡ್ರಿ."

ಅವರು ನಗಲಿಲ್ಲ. "ಇರಬಹುದು ಅಮ್ಮ. ಆದರೆ ಇರಬಹುದು ಅಂತ ನಾನು ಬರೆಯುವ ಹಾಗಿಲ್ಲ. ಇಳಿದವಳು ಹೆಂಗಸು, ನನ್ನ ಎದುರಿಗೆ ನಿಂತವರು ಗಂಡಸು. ಹಾಗಾದರೆ ಆ ಹೆಂಗಸು ಎಲ್ಲಿದ್ದಾಳೆ? ಅವಳ ಪಟ್ಟಿ ಇವರ ಕೈಗೆ ಹೇಗೆ ಬಂತು?"

ಊರ ಕಚೇರಿಯವರು ಮದುವೆಯ ದಿನ ಎದುರಿಗೆ ಕಂಡ ಗಂಡಸನ್ನು ಗಂಡಸು ಎಂದೇ ಬರೆದಿದ್ದರು. ಬಂದರಿನಲ್ಲಿ ಬರೆದದ್ದನ್ನೂ ಊರಿನಲ್ಲಿ ಬರೆದದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದು ಅವತ್ತೇ ಮೊದಲು. ಅವರು ಹಲಗೆಯ ಮೇಲೆ ಏನೋ ಒತ್ತಿದರು. ನೈನಾನ ಮುಂಗೈಯ ಪಟ್ಟಿ ನನ್ನ ಕಣ್ಣೆದುರೇ ಹಸಿರಿನಿಂದ ಅರಿಸಿನಕ್ಕೆ ತಿರುಗಿತು. ಆತ ಅದನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ.

ಗಾಂವಕರ ಅವರು ಉಳಿದದ್ದನ್ನು ಬಿಡಿಸಿ ಹೇಳಿದರು. ಹಡಗಿನಿಂದ ಇಳಿದ ನೈನಾ ಇವನೇ ಎಂದು, ಆ ದಿನ ಕಣ್ಣಾರೆ ಕಂಡವರು ಯಾರಾದರೂ ಬಂದು ಪ್ರಮಾಣ ಮಾಡಬೇಕು. ಹೆಂಡತಿಯ ಮಾತು ನಡೆಯುವುದಿಲ್ಲ. ಗಾಳಿ ತಿರುಗಿ ಹಡಗುಗಳು ಹೊರಡುವುದರೊಳಗೆ ಸಾಕ್ಷಿ ಸಿಗದಿದ್ದರೆ ಪಟ್ಟಿ ತಾನಾಗಿ ಕೆಂಪಾಗುತ್ತದೆ. ಆ ಹೆಂಗಸು ಎಲ್ಲಿ ಹೋದಳೆಂಬ ವಿಚಾರಣೆ ಬೇರೆಯಾಗಿ ನಡೆಯುತ್ತದೆ. "ಹಡಗಿನವರನ್ನು ಕರೆಸಿ," ಎಂದೂ ಅವರೇ ಹೇಳಿದರು. ಆದರೆ ಆ ಹಡಗು ಅದೇ ವರ್ಷ ಹಿಂದಿರುಗುವಾಗ ಬಿರುಗಾಳಿಗೆ ಸಿಕ್ಕು ಮುಳುಗಿತ್ತು, ಅದರಲ್ಲಿದ್ದ ಒಬ್ಬರೂ ಉಳಿದಿರಲಿಲ್ಲ. ನಮಗೆ ಗೊತ್ತಿದ್ದವರಲ್ಲಿ ಆ ದಿನ ಬಂದರಿನಲ್ಲಿ ನಿಂತಿದ್ದವನು ಅಣ್ಣನೊಬ್ಬನೇ. ಮೀನಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಅರಿಸಿನ ಪಟ್ಟಿಯವರ ಬದುಕು ಹೇಗಿರುತ್ತದೆಂದು ನಿಮಗೆ ಹೇಳಬೇಕು. ಅವರಿಗೆ ಯಾರೂ ಕೆಲಸ ಕೊಡುವಂತಿಲ್ಲ. ಅವರಿಗೆ ಏನನ್ನು ಮಾರಿದರೂ ಅಂಗಡಿಯವನು ಗಡಿಮನೆಗೆ ತಿಳಿಸಬೇಕು. ನಮ್ಮೂರಿನ ಖಾರ ಎಂಬ ಕುರುಕಲು ತಿಂಡಿ ಮಾರುವ ಸಿದ್ಲಿಂಗಪ್ಪ ಒಳ್ಳೆಯ ಮನುಷ್ಯ, ನೈನಾನನ್ನು ಕಂಡರೆ ಎರಡು ಹಿಡಿ ಹೆಚ್ಚು ಖಾರ ಕಟ್ಟಿ ಕೊಡುತ್ತಿದ್ದವನು. "ಮನಸ್ಸಿಗೆ ಹಚ್ಕೋಬ್ಯಾಡೋ ತಮ್ಮಾ, ಇನ್ನ ಮ್ಯಾಲೆ ಇಂದುನ್ನ ಕಳಸು," ಎಂದು ಅವನೇ ತಲೆ ತಗ್ಗಿಸಿ ಹೇಳಿದ. ನೈನಾ ಸುಡುಬಿಸಿಲಿನಲ್ಲೂ ತುಂಬುತೋಳಿನ ಅಂಗಿ ಹಾಕಿಕೊಂಡು, ತೋಳನ್ನು ಬೆರಳ ತುದಿಯ ತನಕ ಎಳೆದುಕೊಂಡು ಓಡಾಡಿದ. ಕೆಲವು ದಿನಗಳ ಮೇಲೆ ಹೊರಗೆ ಹೋಗುವುದನ್ನೇ ಬಿಟ್ಟ. ಊರಲ್ಲಿ ಮಾತು ಹುಟ್ಟಿಕೊಂಡಿತು. ಹಡಗಿನಲ್ಲಿ ಒಬ್ಬಳು ಇದ್ದಳಂತೆ, ಅವಳನ್ನು ಇವನೇ ಏನೋ ಮಾಡಿ ಅವಳ ಪಟ್ಟಿ ಕಟ್ಟಿಕೊಂಡು ಬಂದನಂತೆ. ನೀರು ತರಲು ಹೋದರೆ ಹೆಂಗಸರು ನನ್ನನ್ನು ನೋಡಿ ಸುಮ್ಮನಾಗುತ್ತಿದ್ದರು.

ಕೇಳಿದ ಮಾತು ಮನೆಯೊಳಗೂ ಬರುತ್ತದೆ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಅವನ ಕಡೆ ನೋಡದೆಯೇ ಕೇಳಿದೆ. "ಹಡಗಿನಾಗ ನೈನಾ ಅನ್ನಾಕಿ ಬ್ಯಾರೆ ಯಾರರೆ ಇದ್ರೇನು?"

ಆತ ಮುರಿದ ರೊಟ್ಟಿಯನ್ನು ತಾಟಿನಲ್ಲಿ ಇಟ್ಟ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

"ಯಾರೂ ಇರಲಿಲ್ಲ," ಅಂದ ಕೊನೆಗೆ. "ಹೆಂಗಸರು ಇದ್ರು, ನೈನಾ ಅನ್ನಾಕಿ ಇರಲಿಲ್ಲ. ನಾ ಇಡೀ ದಾರಿ ವಾಂತಿ ಮಾಡ್ಕೋತ ಬಿದ್ದಿದ್ದೆ. ಇಳದ ಮ್ಯಾಲೂ ಗೋಣಿಚೀಲದ ಮ್ಯಾಲೆ ಮಲಗಿದ್ದೆ. ಯಾರೋ ಬಂದು ಕೈಗೆ ಪಟ್ಟಿ ಕಟ್ಟಿದ್ರು. ನನಗ ಗೊತ್ತಿರೂದು ಇಷ್ಟ." ಮತ್ತೆ ಆ ರೊಟ್ಟಿಯನ್ನು ಕೈಗೆತ್ತಿಕೊಂಡು, "ನೀ ಕೇಳಿದ್ದು ಚೊಲೊ ಆತು ಇಂದೂ. ಕೇಳದ ಒಳಗ ಇಟ್ಕೊಂಡಿದ್ರ ನಾ ಹಡಗು ಹತ್ತಿ ಹೋಗಿಬಿಡ್ತಿದ್ದೆ," ಅಂದ.

ಅವತ್ತೇ ನಾನು ಅಣ್ಣನ ಕಾರ್ಖಾನೆಗೆ ಹೋದೆ. ಅವನು ಒಂದು ತೊಲೆಗೆ ಗೆರೆ ಹಾಕುತ್ತಿದ್ದ. ನನ್ನನ್ನು ಕಂಡು ಕೆಲಸಗಾರರು ಒಬ್ಬೊಬ್ಬರೇ ಎದ್ದು ಹಿತ್ತಲಿಗೆ ಹೋದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಅವನು ಗೆರೆ ಹಾಕುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಸಿಟ್ಟು ನನ್ನ ಮ್ಯಾಲೆ ಇರಲಿ ಅಣ್ಣ," ಅಂದೆ. "ಒಂದು ಮಾತು ಹೇಳಿ ಬಂದ್ರ ಸಾಕು. ಇಳದಾಂವ ಇವನ ಅಂತ. ಆಮ್ಯಾಲೆ ಬೇಕಾದ್ರ ಜೀವ ಇರೂತನಕ ಮಾತಾಡಬ್ಯಾಡ."

"ಆಗೂದಿಲ್ಲ."

"ಹಟಕ್ಕ ಒಂದು ಜೀವ ಹಡಗಿಗೆ ಹಾಕ್ತಿ ಏನು?"

ಆಗ ಅವನು ಸೀಸದ ಕಡ್ಡಿಯನ್ನು ಬಿಸಾಕಿದ. "ಹಟ ಅಂತಿ? ಹಟ ಆಗಿದ್ರ ಎಂದೋ ಮುರಿದು ಬರ್ತಿದ್ದೆ. ಕೇಳು ಹಂಗಾರ. ಆ ವರ್ಷ ಗಂಡಸರ ಜಾಗಾ ತುಂಬಿ ಹೋಗಿತ್ತು. ಹೆಂಗಸರಿಗೆ ಇನ್ನೂ ನಾಕೈದು ಜಾಗಾ ಇದ್ದವು. ಅಂವ ಕೆತ್ತಿದ್ದೊಂದು ಪೆಟಗಿ ನಾ ಹಡಗಿನಾಗ ನೋಡಿದ್ದೆ. ಅಂಥಾ ಕೈ ಬಿಟ್ಟು ಬರಾಕ ನನಗ ಮನಸಾಗಲಿಲ್ಲ. ಬರಿಯಾಂವ ಕೇಳಿದ, ನೈನಾ ಅಂದ್ರ ಹೆಣ್ಣೊ ಗಂಡೊ ಅಂತ. ಹೆಣ್ಣು ಅಂದೆ. ಅಂವ ತಲಿ ಎತ್ತಿ ಸುದ್ದಾ ನೋಡಲಿಲ್ಲ. ಪಟ್ಟಿ ಕಟ್ಟಾಂವ ನಂಬರು ಅಷ್ಟ ನೋಡಿದ."

ನಾನು ಅಲ್ಲೇ ಮರದ ಸಿಬರಿನ ರಾಶಿಯ ಮೇಲೆ ಕುಳಿತೆ. ಬಂದರಿನಲ್ಲಿ ಸುಳ್ಳು ಹೇಳಿದವರಿಗೆ ಶಿಕ್ಷೆ ಏನೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅಂಥವರು ಮತ್ತೆ ಬಂದರಿಗೆ ಕಾಲಿಡುವಂತಿಲ್ಲ, ಅವರ ಹೆಸರಿನಲ್ಲಿ ಇನ್ನೊಬ್ಬರೂ ಮರ ತರುವಂತಿಲ್ಲ. ತೊಲೆ ಇಲ್ಲದ ಕಾರ್ಖಾನೆ ಎಂದರೆ ನೀರಿಲ್ಲದ ಕೆರೆ.

"ಇಲ್ಲಿ ದುಡಿಯೋ ಮಂದಿಗೆ ನಾ ಏನು ಹೇಳಲಿ?" ಅಂದ ಅಣ್ಣ. ಅವನ ದನಿ ಇಳಿದಿತ್ತು. "ನಿನ್ನ ಗಂಡನ್ನ ಉಳಿಸಾಕ ಅವರ ಒಲಿ ಆರಿಸೇನಿ ಅಂತ ಹೇಳ್ಲ್ಯಾ? ನೀನ ಹೇಳು."

ಅಣ್ಣನ ಹೆಂಡತಿ ವೈನಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನಾನು ಹೊರಟಾಗ ನನ್ನ ಸೀರೆಗೆ ಅಂಟಿದ್ದ ಸಿಬರನ್ನು ಕೈಯಿಂದ ಒರೆಸಿ ಕಳಿಸಿದಳು, ಅಷ್ಟೇ.

ಮನೆಗೆ ಬಂದು ನೈನಾನಿಗೆ ನಡೆದದ್ದನ್ನು ಹೇಳಿದೆ. ಸಿಟ್ಟು ಮಾಡುತ್ತಾನೆಂದುಕೊಂಡಿದ್ದೆ. ಆತ ಗೋಡೆಗೆ ಒರಗಿ ಕುಳಿತು, "ಅವತ್ತ ಅಣ್ಣಾರು ಹೆಣ್ಣು ಅನ್ನದಿದ್ರ ನಾ ಅದ ಹಡಗಿನಾಗ ಹೊಳ್ಳಿ ಹೋಗಿರ್ತಿದ್ದೆ. ಅದ ಹಡಗು ಮುಳಿಗೇತಿ," ಅಂದ. ಆಮೇಲೆ ತನ್ನ ಬಟ್ಟೆಗಳನ್ನು ಮಡಚಿ ಗಂಟು ಕಟ್ಟತೊಡಗಿದ. ನಾನು ಗಂಟು ಬಿಚ್ಚಿದೆ. ಆತ ಮತ್ತೆ ಕಟ್ಟಿದ. ಹಾಗೆ ನಾವು ಮಾತಿಲ್ಲದೆ ಜಗಳವಾಡಿದೆವು. ನಾನೂ ಅವನ ಜೊತೆ ಹಡಗು ಹತ್ತುತ್ತೇನೆಂದೆ. ತನ್ನ ದೇಶದಲ್ಲೂ ಇಂಥದೇ ಒಂದು ಗಡಿಮನೆ ಇದೆ, ಅಲ್ಲಿ ಪಟ್ಟಿ ಕಟ್ಟಿಸಿಕೊಳ್ಳುವವಳು ನೀನಾಗುತ್ತಿ ಎಂದ. ಗಡಿಮನೆಯವರು ಸಾಕ್ಷಿಗೆ ಗೊತ್ತುಮಾಡಿದ್ದ ದಿನ ಹತ್ತಿರ ಬಂತು. ಅಣ್ಣನಿಂದ ಯಾವ ಮಾತೂ ಬರಲಿಲ್ಲ.

ಆ ಬೆಳಿಗ್ಗೆ ಹಳಿಗಾಡಿಯ ನಿಲ್ದಾಣಕ್ಕೆ ಹೋದಾಗ ಅಣ್ಣ ಅಲ್ಲಿ ನಿಂತಿದ್ದ. ಮದುವೆ ಮುಂಜಿಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡಿದ್ದ. ನಮ್ಮ ಕಡೆ ನೋಡಲಿಲ್ಲ. ನಮ್ಮ ಡಬ್ಬಿಯನ್ನೇ ಹತ್ತಿ, ಕಿಟಕಿಯ ಪಕ್ಕ ಬೇರೆ ಸಾಲಿನಲ್ಲಿ ಕುಳಿತ. ಅವನು ನಮ್ಮ ಪರವಾಗಿ ಬಂದಿದ್ದಾನೋ, ನೈನಾನನ್ನು ತಾನು ಕಂಡೇ ಇಲ್ಲವೆಂದು ಹೇಳಿ ತನ್ನ ಕಾರ್ಖಾನೆ ಉಳಿಸಿಕೊಳ್ಳಲು ಬಂದಿದ್ದಾನೋ ನನಗೆ ತಿಳಿಯಲಿಲ್ಲ. ಹಾಗೆಂದರೂ ಅವನನ್ನು ತಪ್ಪೆನ್ನುವ ಧೈರ್ಯ ನನಗಿರಲಿಲ್ಲ. ಯಲ್ಲಾಪುರದ ಘಟ್ಟದಲ್ಲಿ ಮೋಡ ಮುಚ್ಚಿ ಗಾಡಿ ನಿಂತಿತು. ಬಿಸಿಲು ಬರುವ ತನಕ ಎಲ್ಲರೂ ಇಳಿದು ಹಳಿಯ ಪಕ್ಕ ಕುಳಿತೆವು. ನೈನಾ ಬುತ್ತಿ ಬಿಚ್ಚಿ, ಒಂದು ರೊಟ್ಟಿಗೆ ಚಟ್ನಿಪುಡಿ ಹಾಕಿ ಅಣ್ಣನ ಮುಂದೆ ಹಿಡಿದ. ಅಣ್ಣ ತೆಗೆದುಕೊಳ್ಳಲಿಲ್ಲ. ಆತ ಅದನ್ನು ಅವನ ಪಕ್ಕದ ಕಲ್ಲಿನ ಮೇಲೆ ಇಟ್ಟು ಬಂದ. ಬಿಸಿಲು ಬಿದ್ದು ಗಾಡಿ ಕೂಗಿದಾಗಲೂ ರೊಟ್ಟಿ ಅಲ್ಲೇ ಇತ್ತು.

ಗಡಿಮನೆಯ ಕಿಟಕಿಯಿಂದ ಬಂದರು ಕಾಣುತ್ತಿತ್ತು. ಹಾಯಿಗಳನ್ನು ಒಂದೊಂದಾಗಿ ಏರಿಸುತ್ತಿದ್ದರು. ಗಾಂವಕರ ಅವರು ನಮ್ಮ ಮೂವರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದರು. ಮೊದಲು ಸಾಕ್ಷಿಯನ್ನು ಕರೆಯುವುದು ಪದ್ಧತಿ. ಅವರು ಅಣ್ಣನ ಹೆಸರು ಹೇಳುವುದರೊಳಗೆ ನೈನಾ ಎದ್ದು ನಿಂತ.

"ಮೇಡಂ, ಸಾಕ್ಷಿ ಬ್ಯಾಡ್ರಿ. ಹೆಣ್ಣು ಅಂತ ಬರಿಸಿದಾಂವ ನಾನ. ಗಂಡಸರ ಜಾಗಾ ತುಂಬಿತ್ತು. ಅದಕ್ಕ ಸುಳ್ಳು ಹೇಳಿದೆ. ಹೆಂಗಸು ಯಾರೂ ಇರಲಿಲ್ಲ. ತಪ್ಪು ನಂದು, ಹಡಗು ಹತ್ತತೀನಿ."

ಹೀಗೆ ಹೇಳುತ್ತೇನೆಂದು ಆತ ನನಗೂ ತಿಳಿಸಿರಲಿಲ್ಲ. ನಾನು ಅವನ ಅಂಗಿ ಹಿಡಿದು ಜಗ್ಗಿದೆ. ಆತ ಕೂರಲಿಲ್ಲ.

ಗಾಂವಕರ ಅವರು ಹಲಗೆಯನ್ನು ನೋಡಿದರು. "ಬರೆಯುವವನು ಕೇಳಿದ್ದು ಯಾವ ಭಾಷೆಯಲ್ಲಿ?"

"ಕನ್ನಡದಾಗ್ರಿ."

"ಆ ದಿನ ನಿಮಗೆ ಕನ್ನಡ ಬರುತ್ತಿತ್ತೇ?"

"ಬರ್ತಿತ್ರಿ. ಹಡಗಿನಾಗ ಕಲ್ತಿದ್ದೆ."

ಅವರು ಬರೆದುಕೊಳ್ಳಲು ಕೈ ಎತ್ತಿದರು. ಆ ಕೈ ಹಲಗೆಗೆ ತಾಗಿದರೆ ಎಲ್ಲವೂ ಮುಗಿಯುತ್ತಿತ್ತು. ಅಣ್ಣ ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಅವನ ಕಾರ್ಖಾನೆ ಉಳಿಯುತ್ತಿತ್ತು, ಅವನಿಗೆ ಬೇಡವಾದ ಮನುಷ್ಯ ಸಮುದ್ರದಾಚೆ ಹೋಗುತ್ತಿದ್ದ. ನಾನು ಅಣ್ಣನ ಮುಖ ನೋಡಲಿಲ್ಲ. ಅವನ ಕೈಗಳನ್ನು ನೋಡುತ್ತಿದ್ದೆ. ಅವು ಮೊಣಕಾಲನ್ನು ಬಿಗಿಯಾಗಿ ಹಿಡಿದಿದ್ದವು.

"ಸುಳ್ಳ್ರಿ," ಅಂದ ಅಣ್ಣ.

ಗಾಂವಕರ ಅವರ ಕೈ ನಿಂತಿತು.

"ಇವಗ ಅವತ್ತ ಕನ್ನಡದಾಗ ನೀರು ಕೇಳಾಕೂ ಬರ್ತಿರಲಿಲ್ರಿ. ಗೋಣಿಚೀಲದ ಮ್ಯಾಲೆ ಹೆಣದಂಗ ಬಿದ್ದಿದ್ದ. ಹೆಣ್ಣು ಅಂತ ಹೇಳಿದಾಂವ ನಾನು, ಮಹಾರುದ್ರಪ್ಪ ಬಡಿಗೇರ. ಹಡಗಿನಿಂದ ಇವನ್ನ ಹೆಗಲ ಮ್ಯಾಲೆ ಕೈ ಹಾಕಿಸ್ಕೊಂಡು ಇಳಿಸಿದಾಂವನೂ ನಾನ. ಇವನ ನೈನಾ. ಬರ್ಕೊಳ್ರಿ." ಅಷ್ಟು ಹೇಳಿ ನೈನಾನ ಕಡೆ ತಿರುಗಿದ. ನಮ್ಮ ಮದುವೆಯಾದ ಮೇಲೆ ಅವನೊಡನೆ ಆಡಿದ ಮೊದಲ ಮಾತು ಅದು. "ಕುಂದ್ರಲೇ. ನನ್ನ ತಪ್ಪು ಹೊರಾಕ ನೀ ಯಾರು?"

ನೈನಾ ಕುಳಿತ. ಗಾಂವಕರ ಅವರು ಅಣ್ಣನನ್ನು ಬಹಳ ಹೊತ್ತು ಪ್ರಶ್ನೆ ಕೇಳಿದರು. ಆ ದಿನ ಮಳೆ ಇತ್ತೇ, ಮೇಜು ಎಲ್ಲಿತ್ತು, ಬರೆಯುವವನು ಎಂಥವನು, ಇಳಿದವನ ಮೈಮೇಲೆ ಏನಿತ್ತು ಎಂದೆಲ್ಲ ವಿಚಾರಿಸಿದರು. ಅವನು ಒಂದಕ್ಕೂ ತಡವರಿಸಲಿಲ್ಲ. ಕೊನೆಗೆ ಅವರು ಕೇಳಿದ್ದು ಒಂದೇ. "ಇದರಿಂದ ನಿಮಗೆ ಏನಾಗುತ್ತದೆ ಅಂತ ಗೊತ್ತಿದ್ದೇ ಹೇಳುತ್ತಿದ್ದೀರಾ?"

"ಗೊತ್ತೈತ್ರಿ. ನಿನ್ನೆ ಸಂಜಿಕ ಕೆಲಸದವರಿಗೆ ಹೇಳೇ ಬಂದೇನಿ."

ಒಬ್ಬರ ಸುಳ್ಳಿಗೆ, ಆ ಮಾತೇ ತಿಳಿಯದಿದ್ದ ಇನ್ನೊಬ್ಬರನ್ನು ದಂಡಿಸುವಂತಿಲ್ಲ ಎಂಬ ಒಂದು ಸಾಲು ನಮ್ಮ ಕಾನೂನಿನಲ್ಲಿದೆ. ಗಾಂವಕರ ಅವರು ಆ ಸಾಲನ್ನು ಗಟ್ಟಿಯಾಗಿ ಓದಿ ಹೇಳಿದರು. ನೈನಾ ಈ ದಿನ ತಮ್ಮೆದುರಿಗೆ ಹೇಳಿದ್ದೂ ಸುಳ್ಳೇ, ಅದನ್ನು ತಾವು ಬರೆದುಕೊಂಡಿಲ್ಲ ಎಂದೂ ಸೇರಿಸಿದರು. ಪಟ್ಟಿ ಮತ್ತೆ ಹಸಿರಾಯಿತು. ಎರಡು ವರ್ಷ ಪರೀಕ್ಷೆಯ ವಾಸ, ಆಮೇಲೆ ಕಾಯಂ. 'ಸ್ತ್ರೀ' ಎಂಬುದನ್ನು ಹೊಡೆದು 'ಪುರುಷ' ಎಂದು ಬರೆಯುವಾಗ ಅವರು ಮೊದಲ ಸಲ ಸ್ವಲ್ಪ ನಕ್ಕರು. ಅಣ್ಣನಿಗೆ ಬಂದರು ಜೀವಮಾನವಿಡೀ ಮುಚ್ಚಿತು. ಅದನ್ನು ಹೇಳುವಾಗ ಅವರು ನಗಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ನಾನು ಅಣ್ಣನ ಕಾಲಿಗೆ ಬಿದ್ದೆ. ಅವನು ಹಿಂದೆ ಸರಿದ. "ಇದರಿಂದ ಎಲ್ಲಾ ಸರಿಹೋತು ಅಂತ ತಿಳೀಬ್ಯಾಡ," ಅಂದ. "ನಿಮ್ಮ ಲಗ್ನ ನನಗ ಅವತ್ತೂ ಒಪ್ಪಿಗಿ ಇರಲಿಲ್ಲ, ಇವತ್ತೂ ಇಲ್ಲ. ಆದ್ರ ಸುಳ್ಳು ನಂದು. ಅದರ ಮ್ಯಾಲೆ ಇನ್ನೊಬ್ಬನ ಹೆಸರು ಬರಿಸ್ಕೊಂಡು ನಾ ಉಣ್ಣಾಕ ಆಗೂದಿಲ್ಲ." ಹೇಳಿದವನು ಕೆಳಗಿಳಿದು ಹೋದ. ಮರಳುವ ಗಾಡಿಯಲ್ಲಿ ಬೇರೆ ಡಬ್ಬಿ ಹತ್ತಿದ.

ಕಾರ್ಖಾನೆ ಅರ್ಧಕ್ಕಿಂತ ಹೆಚ್ಚು ಮುಚ್ಚಿತು. ದುಡಿಯುತ್ತಿದ್ದವರಲ್ಲಿ ಕೆಲವರು ಹಾವೇರಿಗೆ ಹೋದರು, ಇಬ್ಬರು ನೈನಾನ ಹತ್ತಿರ ಬಂದರು, ಒಬ್ಬ ವಯಸ್ಸಾದವನು ಕೆಲಸವನ್ನೇ ಬಿಟ್ಟ. ಅವನ ಹೆಂಡತಿ ಈಗಲೂ ನನ್ನನ್ನು ಮಾತಾಡಿಸುವುದಿಲ್ಲ, ನಾನು ಅದಕ್ಕೆ ಬೇಸರ ಮಾಡುವುದಿಲ್ಲ. ಅಣ್ಣ ಹಳೆಯ ಮನೆಗಳು ಬಿದ್ದಾಗ ಸಿಗುವ ಬಾಗಿಲುಗಳನ್ನು ತಂದು ದುರಸ್ತಿ ಮಾಡಿ ಮಾರುತ್ತಾನೆ. ವಾರಕ್ಕೊಮ್ಮೆ ನಮ್ಮ ಮನೆಯ ಮುಂದಿನ ಚಪ್ಪರಕ್ಕೆ ಬಂದು, ನೈನಾ ಕೂಡಿಸಿದ ಸಂದುಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಇದು ಸಡಿಲ ಅದು ಓರೆ ಎಂದು ಬೈದು ಹೋಗುತ್ತಾನೆ. ನೈನಾನೂ ತಿರುಗಿ ಬೈಯುತ್ತಾನೆ. ಚಹಾ ಕೊಟ್ಟರೆ ಅಣ್ಣ ಬೇಡ ಎನ್ನುತ್ತಾನೆ. ನಾನು ಪ್ರತಿ ವಾರ ಮಾಡುತ್ತೇನೆ.

ಇಷ್ಟೆಲ್ಲ ಬರೆದದ್ದು ನಿಮ್ಮಲ್ಲಿ ಒಂದನ್ನು ಕೇಳಿಕೊಳ್ಳುವುದಕ್ಕಾಗಿ. ಕಾಯಂ ವಾಸದ ಹಕ್ಕು ಸಿಕ್ಕ ಮೇಲೆ ನೈನಾ ಪ್ರತಿ ಭಾದ್ರಪದದಲ್ಲಿ ಕಾರವಾರಕ್ಕೆ ಹೋಗುತ್ತಾನೆ. ಹಡಗು ಬಂದ ದಿನಗಳಲ್ಲಿ ಬರೆಯುವವರ ಮೇಜಿನ ಪಕ್ಕ ನಿಲ್ಲುತ್ತಾನೆ. ಹೀಗೆ ನಿಲ್ಲಲು ಅಪ್ಪಣೆ ಬೇಕೆಂದು ಗಾಂವಕರ ಅವರನ್ನು ಕೇಳಿದಾಗ, ನಿಲ್ಲಬೇಡವೆನ್ನುವ ಕಾನೂನು ಎಲ್ಲೂ ಇಲ್ಲ ಎಂದರಂತೆ. ಈ ವರ್ಷ ನಾನೂ ಜೊತೆಗೆ ಹೋಗಿದ್ದೆ. ಇಲ್ಲಿಯ ಒಬ್ಬನನ್ನು ಮದುವೆಯಾಗಲು ಬಂದ ನೈನಾನ ದೇಶದ ಹೆಂಗಸೊಬ್ಬಳು ಇಳಿದಳು. ಅವಳನ್ನು ಕರೆದೊಯ್ಯಲು ಬಂದ ಗಂಡಿನ ಮನೆಯವರು ಅವಳ ಪರವಾಗಿ ಪಟಪಟ ಉತ್ತರ ಹೇಳತೊಡಗಿದರು. ನೈನಾ ಕೈ ಅಡ್ಡ ಹಿಡಿದು, "ಸ್ವಲ್ಪ ತಡೀರಿ, ಅಕೀನ್ನ ಕೇಳೂಣು," ಅಂದ. ಅವಳ ಮಾತಿನಲ್ಲಿ ಪ್ರಶ್ನೆಯನ್ನು ನಿಧಾನವಾಗಿ ಕೇಳಿದ. ಅವಳು ಯೋಚಿಸಿದಳು. ಸಾಲಿನಲ್ಲಿ ನಿಂತವರು ಗೊಣಗಿದರು. ಬರೆಯುವವನು ಕೈ ಎತ್ತಿಕೊಂಡು ಕಾದ.

ನಿಮ್ಮ ಕಾಲದಲ್ಲೂ ಇಂಥ ಮೇಜುಗಳಿವೆ ಎಂದು ಓದಿದ್ದೇನೆ. ನಿಮ್ಮ ಸರದಿ ಮುಗಿದು, ಬೇಕಾದ ಕಾಗದ ಕೈಗೆ ಬಂದ ದಿನ ಮನೆಗೆ ಓಡುವ ಆತುರ ಇರುತ್ತದೆ, ಅದು ನನಗೆ ಗೊತ್ತು. ಆದರೂ ಒಂದು ಗಳಿಗೆ ನಿಲ್ಲಿ. ನಿಮ್ಮ ಹಿಂದೆ ನಿಂತವರಿಗೆ ಅಲ್ಲಿನ ಭಾಷೆ ಬರದಿದ್ದರೆ, ಅವರ ಪರವಾಗಿ ಬೇರೆ ಯಾರೋ ಮಾತಾಡುತ್ತಿದ್ದರೆ, ನೀವು ಪಕ್ಕಕ್ಕೆ ಹೋಗಿ ನಿಂತುಕೊಳ್ಳಿ. ಉತ್ತರ ಅವರ ಬಾಯಿಂದಲೇ ಬರುವ ತನಕ ಅಲ್ಲಿಂದ ಕದಲಬೇಡಿ.

ಬಿಸಿಲು ಏರುತ್ತಿದೆ, ಅಂಚೆಯ ಗಾಡಿ ಬರುವ ಹೊತ್ತಾಯಿತು. ನಿಮ್ಮ ಹೆಸರು ಕೂಗಿದಾಗ ಇಬ್ಬರೂ ಒಟ್ಟಿಗೇ ಎದ್ದು ನಿಲ್ಲಿ.

ಇಂದುಮತಿ ಬಡಿಗೇರ